ಅಕ್ಕನ ನಾನೂರ ಹನ್ನೆರಡು ಪತ್ರಗಳು

ಇಪ್ಪತ್ತಾರು ವರ್ಷ ಆಸ್ಪತ್ರೆಯೊಂದರ ಉಗ್ರಾಣ ನೋಡಿಕೊಂಡವನು ನಾನು. ಇಡೀ ಉಗ್ರಾಣವನ್ನು ಮೂರು ಸಲ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸಿದ್ದೇನೆ. ಒಂದು ಸೂಜಿ ಕಳೆದಿಲ್ಲ, ಒಂದು ಬ್ಯಾಂಡೇಜು ಬಿಚ್ಚಿಲ್ಲ. ಅಂಥ ಮಹಾಪುರುಷನಿಗೆ ಹೆಂಡತಿಯ ಹಳೆಯ ಕಂಪ್ಯೂಟರಿನಲ್ಲಿದ್ದ ಮೇಲ್‌ಗಳನ್ನೂ ವಿಳಾಸಗಳನ್ನೂ ಹೊಸದಕ್ಕೆ ದಾಟಿಸುವುದು ಯಾವ ದೊಡ್ಡ ಕೆಲಸ?

"ಅಂಗಡಿಯವರೇ ಬಂದು ಮಾಡಿಕೊಡ್ತಾರಂತೆ," ಎಂದಳು ಅವಳು.

"ಸಾಮಾನು ಸಾಗಿಸೋದು ಅವರಿಗೇನು ಗೊತ್ತು?"

"ಸಾಮಾನಲ್ಲರೀ. ಅದರಲ್ಲಿ ನಮ್ಮಕ್ಕ ಇದ್ದಾಳೆ."

ಅದು ನಿಜ. ಅವಳ ಅಕ್ಕ ತೀರಿಕೊಂಡು ಎರಡು ವರ್ಷ. ಅದಕ್ಕೆ ಮೊದಲು ಒಂಬತ್ತು ವರ್ಷ, ಹೆಚ್ಚುಕಡಿಮೆ ವಾರಕ್ಕೊಂದರಂತೆ, ತಂಗಿಗೆ ಉದ್ದುದ್ದ ಪತ್ರ ಬರೆದವರು. ನಾನೂರ ಹನ್ನೆರಡು ಪತ್ರ. ಎಲ್ಲವೂ ಆ ಹಳೆಯ ಡಬ್ಬದೊಳಗೇ ಇಳಿದು ಕೂತಿದ್ದವು. ಹೊರಗೆ ಎಲ್ಲೂ ಪ್ರತಿ ಇರಲಿಲ್ಲ. ಇಷ್ಟು ಗೊತ್ತಿದ್ದೂ ನಾನು ಎದೆ ತಟ್ಟಿಕೊಂಡು ಹೇಳಿದೆ: "ನಾಳೆ ನೀನು ಸ್ಕೂಲಿಂದ ಬರೋಷ್ಟರಲ್ಲಿ ನಿಮ್ಮಕ್ಕ ಹೊಸ ಮನೇಲಿರ್ತಾರೆ."

ಉಗ್ರಾಣದ ಶಿಸ್ತು ನನಗೆ ರಕ್ತದಲ್ಲೇ ಇದೆ. ಮೊದಲು ಸಾಗಿಸು, ಆಮೇಲೆ ಅಕಾರಾದಿಯಾಗಿ ಜೋಡಿಸು, ಕೊನೆಗೆ ಹಳೆಯ ಜಾಗವನ್ನು ಗುಡಿಸಿ ಸಾರಿಸಿ ಬೀಗದ ಕೈ ಒಪ್ಪಿಸು. ಪರದೆಯ ಮೇಲೆ ಲಕೋಟೆಯ ಚಿತ್ರವೊಂದಿತ್ತು, ಕೆಳಗೆ 'ಮೇಲ್' ಎಂದಿತ್ತು. ಅದನ್ನು ಪೆನ್‌ಡ್ರೈವಿಗೆ ಎಳೆದು ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಒಂಬತ್ತು ವರ್ಷದ ಪತ್ರವ್ಯವಹಾರ ಅರೆಕ್ಷಣದಲ್ಲಿ! ನನ್ನ ಕೈಗುಣಕ್ಕೆ ನಾನೇ ಬೆರಗಾದೆ.

ಆಮೇಲೆ ವಿಳಾಸಗಳು. ಒಂದು ಪಟ್ಟಿಯಾಗಿ ಹೊರಬಂದವು. ಒಂದು ಸಾಲಿನಲ್ಲಿ ಹೆಸರು, ಪಕ್ಕದ ಸಾಲಿನಲ್ಲಿ ವಿಳಾಸ. ಹೆಸರುಗಳು ಸಂತೆಯಲ್ಲಿ ನಿಂತ ಹಾಗೆ ಹೇಗೆಂದರೆ ಹಾಗಿದ್ದವು. ಹೆಸರಿನ ಸಾಲನ್ನು ಆರಿಸಿ, ಅಕಾರಾದಿಯಾಗಿ ನಿಲ್ಲಿಸಿದೆ. ನೋಡಲು ಎಷ್ಟು ಚೆಂದ! ಹೆಸರುಗಳೆಲ್ಲ ಎದ್ದು ಜಾಗ ಬದಲಿಸಿದರೂ ಪಕ್ಕದ ವಿಳಾಸಗಳು ಕೂತಲ್ಲೇ ಕೂತಿದ್ದವು ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

ಕೊನೆಗೆ ಹಳೆಯ ಕಂಪ್ಯೂಟರನ್ನು ಒಳಗಿನಿಂದ ಸಂಪೂರ್ಣ ಒರೆಸಿ, ಅಂಗಡಿಗೆ ಒಪ್ಪಿಸಿ, ರಸೀದಿ ಪಡೆದು ಮನೆಗೆ ಬಂದೆ. ಹೊಸದರಲ್ಲಿ ಲಕೋಟೆಯ ಚಿತ್ರ ಒತ್ತಿದೆ. ಏನೂ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದೆ. ನೀವು ತೋರಿಸುತ್ತಿರುವ ಜಾಗ ಇಲ್ಲಿಲ್ಲ ಎಂದಿತು.

ಆಗ ಅರ್ಥವಾಯಿತು. ನಾನು ಸಾಗಿಸಿದ್ದು ಉಗ್ರಾಣವನ್ನಲ್ಲ, ಉಗ್ರಾಣದ ಬಾಗಿಲಿಗೆ ಹಾಕಿದ್ದ ಬೋರ್ಡನ್ನು.

ಅಂಗಡಿಗೆ ಓಡಿದೆ. ಅಂಗಡಿಯವನು ಹಳೆಯದನ್ನು ತೆರೆದು, ತಿರುಗಿಸಿ, ತಲೆದೂಗಿದ. "ಒಂದು ಅಕ್ಷರ ಉಳಿದಿಲ್ಲ ಸಾರ್. ನಮ್ಮವರೂ ಇಷ್ಟು ನೀಟಾಗಿ ಖಾಲಿ ಮಾಡಲ್ಲ." ಹೊಗಳಿಕೆ ಗಂಟಲಲ್ಲಿ ಕಷಾಯದ ಹಾಗೆ ಇಳಿಯಿತು.

ಉಳಿದದ್ದು ಒಂದೇ ದಾರಿ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಇನ್ನೂ ಅದೇ ಮನೆಯಲ್ಲಿದ್ದಾರೆ. ಅಕ್ಕ ಬರೆದ ಕಡೆಯೂ ಪ್ರತಿಗಳು ಇರಬೇಕು. ಫೋನ್ ಮಾಡಬಹುದಿತ್ತು. ಆದರೆ ಎರಡು ವರ್ಷದಲ್ಲಿ ಒಮ್ಮೆಯೂ 'ಹೇಗಿದ್ದೀರಿ' ಎಂದು ಕೇಳದವನು ಈಗ ಯಾವ ಬಾಯಲ್ಲಿ ಮಾತಾಡಲಿ? ಬರೆದರೆ ದನಿ ನಡುಗುವುದು ಕೇಳಿಸುವುದಿಲ್ಲ. ಹೆಂಡತಿಯ ಮೇಲ್‌ನಿಂದಲೇ, ಅಂಗಡಿಯವನು ಹೇಳಿಕೊಟ್ಟಂತೆ ಹೊಸದರಲ್ಲಿ ಅವಳ ಖಾತೆಯನ್ನು ಖಾಲಿಯಾಗಿಯೇ ತೆರೆದು, ನನ್ನ ಪಟ್ಟಿ ಸೇರಿಸಿ, ಅದರಲ್ಲಿ 'ಭಾವ' ಎಂದಿದ್ದ ಕಡೆ ಒತ್ತಿ, ಬರೆದೆ: "ನನ್ನಿಂದ ದೊಡ್ಡ ತಪ್ಪಾಗಿದೆ. ಎಲ್ಲ ಅಳಿಸಿಹೋಗಿದೆ. ನಿಮ್ಮಲ್ಲಿರುವುದನ್ನು ದಯವಿಟ್ಟು ಕಳಿಸಿ. ಇವಳಿಗೆ ತಿಳಿಯುವುದು ಬೇಡ."

ಆ ಸಂಜೆ ಅವಳು ಹೊಸದರಿಂದಲೇ ಒಂದೆರಡು ಮೇಲ್ ಕಳಿಸಿದಳು; ಅಕ್ಕನ ಪತ್ರಗಳು ನಾಳೆ ಬಂದು ಸೇರುತ್ತವೆ ಎಂದೆ. ಮರುದಿನ ಹೆಂಡತಿ ಸ್ಕೂಲಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಹಜಾರದಲ್ಲಿ ನಿಂತಳು.

"ನಮ್ಮ ಹೆಡ್‌ಮಿಸ್ಸು ಇವತ್ತು ನನ್ನ ಕರೆಸಿದ್ರು. 'ತೋಳು ಬಿಗಿಯಾಗಿದೆ, ಎದೆ ಹತ್ರ ಸಡಿಲ ಮಾಡಿ' ಅಂತ ನಾನು ಅವರಿಗೆ ಬರೆದಿದ್ದೀನಂತೆ."

"ಅದು ಟೈಲರಿಗಲ್ವಾ?"

"ಟೈಲರಿಗೆ ಬೇರೆ ಹೋಗಿದೆ. 'ನಿಮ್ಮ ಮಗ ಕ್ಲಾಸಲ್ಲಿ ಗೊರಕೆ ಹೊಡೀತಾನೆ' ಅಂತ. ಅವನಿಗಿನ್ನೂ ಮದುವೇನೇ ಆಗಿಲ್ಲ."

ನಾನು ನಗಬೇಕೆಂದುಕೊಂಡೆ. ಅವಳು ನಗುತ್ತಿರಲಿಲ್ಲ.

"ಹಲ್ಲಿನ ಡಾಕ್ಟರೂ ಉತ್ತರ ಬರೆದಿದ್ದಾರೆ," ಎಂದು ಫೋನ್ ತೆಗೆದು ಓದಿದಳು. "'ನಿಮ್ಮ ಯಾವುದೂ ನಮ್ಮಲ್ಲಿ ಅಳಿಸಿಹೋಗಿಲ್ಲ. ಮೇಲ್ದವಡೆಯ ಎಕ್ಸ್‌ರೇ ಇದೆ, ಕಳಿಸಲೇ? ನಿಮ್ಮವಳಿಗೆ ತಿಳಿಸುವುದಿಲ್ಲ.'"

ಫೋನ್ ಕೆಳಗಿಟ್ಟಳು. "ಏನು ಅಳಿಸಿಹೋಗಿದೆ?"

ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಹೊಸ ಕಂಪ್ಯೂಟರಿನ ಮುಂದೆ ಕೂತು, ಆ ಖಾಲಿ ಪರದೆಯನ್ನು ನೋಡಿ, ಎದ್ದು ಒಳಗೆ ಹೋದಳು. ನಾಲ್ಕು ದಿನ ಮನೆಯಲ್ಲಿ ಮಾತಾಡಿದ್ದು ಕುಕ್ಕರ್ ಮಾತ್ರ.

ಐದನೆಯ ದಿನ ಭಾವನಿಗೆ ಫೋನ್ ಮಾಡಿದೆ.

"ಅವಳ ಕಂಪ್ಯೂಟರ್ ಹಾಗೇ ಇದೆಯಪ್ಪ," ಎಂದರು ಅವರು. "ದಿನಾ ಧೂಳು ಒರೆಸ್ತೀನಿ. ತೆರೆದಿಲ್ಲ."

"ನಾನೇ ಬಂದು ಕಾಪಿ ಮಾಡ್ಕೊಳ್ಳಲಾ ಭಾವ?"

"ಬೇಡ. ನೀನು ಅದನ್ನ ಮುಟ್ಟಬೇಡ. ನಾನೇ ಒಂದೊಂದಾಗಿ ಕಳಿಸ್ತೀನಿ."

ನಾಲ್ಕು ವಾರ ಕಳಿಸಿದರು. ದಿನಕ್ಕೆ ಇಪ್ಪತ್ತು. ಪ್ರತಿಯೊಂದನ್ನೂ ಓದಿಯೇ ಕಳಿಸುತ್ತಿದ್ದರೆಂದು ಕಾಣುತ್ತದೆ. ಕೆಲವು ದಿನ ಎರಡೇ ಬರುತ್ತಿದ್ದವು. ಬಂದದ್ದು ನನ್ನ ವಿಳಾಸಕ್ಕೆ. ತೆರೆದು, ದಿನಾಂಕ ನೋಡಿ, ಅವಳ ಕಂಪ್ಯೂಟರಿನಲ್ಲಿ ಸರಿಯಾಗಿ ಇಡುವುದು ನನ್ನ ಕೆಲಸ. ಓದಬಾರದೆಂದುಕೊಂಡಿದ್ದೆ. ಆದರೆ ಅಕ್ಕನ ಪ್ರತಿ ಪತ್ರದ ಕೆಳಗೆ ತಂಗಿ ಬರೆದದ್ದೂ ಅಂಟಿಕೊಂಡು ಬಂದಿತ್ತು, ಮತ್ತು ಅದರಲ್ಲಿ ಎರಡು ಸಾಲಿಗೊಮ್ಮೆ 'ಇವರು' ಬರುತ್ತಿದ್ದರು. ಇವರು ನಲ್ಲಿ ರಿಪೇರಿ ಮಾಡಿದರು, ಕೆಳಗಿನ ಮನೆಯವರು ಕೊಡೆ ಹಿಡಿದು ಅಡುಗೆ ಮಾಡಿದರು. ಇವರು ದಾರಿ ತಮಗೆ ಗೊತ್ತು ಅಂದರು, ಮದುವೆ ಊಟ ಮುಗಿದ ಮೇಲೆ ತಲುಪಿದೆವು. ಇವರ ಬಗ್ಗೆ ಸಂಶೋಧನೆ ಮಾಡುವವರಿಗೆ ಅದು ಒಳ್ಳೆಯ ಆಕರ. ನಾನು ಮಾತ್ರ ಒಂಬತ್ತು ವರ್ಷ ಎದುರಿಗೇ ಕೂತು, ಇವಳು ಸ್ಕೂಲಿನ ಕೆಲಸ ಟೈಪ್ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ.

ಎಲ್ಲವನ್ನೂ ನುಂಗಿಕೊಂಡು ಇಟ್ಟೆ. ಒಂದನ್ನು ಮಾತ್ರ ನುಂಗಲಾಗಲಿಲ್ಲ. ಅದನ್ನು ಅಳಿಸಿದೆ. ಕಸದ ಬುಟ್ಟಿಯಿಂದಲೂ ಅಳಿಸಿದೆ. ನಾನೂರ ಹನ್ನೆರಡರಲ್ಲಿ ಒಂದು; ಯಾರು ಎಣಿಸುತ್ತಾರೆ?

ಭಾನುವಾರ ಅವಳನ್ನು ಕರೆದು ಕೂರಿಸಿದೆ. ಅವಳು ಒಂದೊಂದೇ ದಿನಾಂಕದ ಮೇಲೆ ಬೆರಳಾಡಿಸುತ್ತ ಹೋದಳು. ಕಣ್ಣು ತುಂಬಿತ್ತು. ಒಂದು ಕಡೆ ಬೆರಳು ನಿಂತಿತು.

"ಇಲ್ಲೊಂದು ಇಲ್ಲ."

"ಭಾವ ಮರೆತಿರಬೇಕು," ಎಂದೆ.

"ಭಾವ ಮರೆತಿದ್ದಾರೆ?"

"ವಯಸ್ಸಾಯ್ತಲ್ಲ."

ಅವಳು ಕುರ್ಚಿ ತಿರುಗಿಸಿ ನನ್ನ ಕಡೆ ಕೂತಳು. "ಹೋಗ್ಲಿ ಬಿಡಿ. ಅದೊಂದು ನನಗೆ ಬಾಯಿಪಾಠ. 'ಅವರೇನು ಕೆಟ್ಟವರಲ್ಲ ಕಣೇ. ಒಂದು ತಪ್ಪು ಮಾಡ್ತಾರೆ, ಅದನ್ನ ಮುಚ್ಚೋಕೆ ಇನ್ನೊಂದು ಮಾಡ್ತಾರೆ, ಆಮೇಲೆ ಮೂರನೆಯವರ ಮೇಲೆ ಹಾಕ್ತಾರೆ. ನೀನು ಬೈಬೇಡ. ಎದುರಿಗೆ ಸುಮ್ನೆ ಕೂತ್ಕೊ. ತಾವೇ ಹೇಳ್ತಾರೆ.'"

ಅಷ್ಟು ಹೇಳಿ ಸುಮ್ಮನೆ ಕೂತಳು.

ನಾನು ಫ್ಯಾನ್ ನೋಡಿದೆ. ಕಿಟಕಿ ನೋಡಿದೆ. ಕೊನೆಗೆ ಹೇಳಿದೆ.

ಅವಳು ಫೋನನ್ನು ನನ್ನ ಕಡೆ ಸರಿಸಿದಳು.

"ಭಾವನಿಗೆ ಮಾಡಿ. ಯಾವ ಪತ್ರ ಅಂತ ಕೇಳ್ತಾರೆ. ನೀವೇ ಹೇಳಿ, ಈಗ ನಿಮಗೂ ಬಾಯಿಪಾಠ ಆಗಿರ್ಬೇಕಲ್ಲ."