ಚಪ್ಪಲಿಯ ಮೇಲೆ ಓಡಿದ ಬೈಕು

ನನ್ನ ಎಡ ಹೆಗಲಿಗೊಂದು ಕೊರಗಿದೆ. ನೋವಲ್ಲ, ವಾಯುವಲ್ಲ, ಎಣ್ಣೆ ತಿಕ್ಕಿದರೆ ಹೋಗುವಂಥದ್ದೂ ಅಲ್ಲ. ಮದುವೆಯಾದ ಹೊಸತರಲ್ಲಿ ಭಾವನ ಬೈಕನ್ನು ಒಂದು ಸಂಜೆಯ ಮಟ್ಟಿಗೆ ಎರವಲು ತಂದು, ಇವಳನ್ನು ಹಿಂದೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಹೋಗಿದ್ದೆ. ಅಂದು ಆ ಹೆಗಲ ಮೇಲೆ ಒಂದು ಕೈ ಬಂದು ಕೂತಿತ್ತು. ಗಾಡಿ ಗುಂಡಿಗೆ ಇಳಿದಾಗ ಕೈ ಬಿಗಿಯಾಗುತ್ತಿತ್ತು, ಮೇಲೆ ಬಂದಾಗ ಸಡಿಲವಾಗುತ್ತಿತ್ತು. ನಾನು ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದೆ.

ಮರುದಿನ ಭಾವ ಬೈಕು ವಾಪಸು ಕೇಳಿದ. (ಬೈಕು ಅವನದೇ. ಆದರೂ ಆ ವಿಷಯದಲ್ಲಿ ನಾನವನನ್ನು ಇಂದಿಗೂ ಕ್ಷಮಿಸಿಲ್ಲ.) ಆಮೇಲೆ ಮಕ್ಕಳಾದವು, ಬಸ್ಸಿನ ಓಡಾಟವಾಯಿತು, ಅವಳ ಮಡಿಲಲ್ಲಿ ಕೂಸು, ನನ್ನ ಮಡಿಲಲ್ಲಿ ಚೀಲ. ಆ ಕೈ ಮತ್ತೆ ನನ್ನ ಹೆಗಲನ್ನು ಮುಟ್ಟಿಯೇ ಇಲ್ಲವೆಂದಲ್ಲ. ಅಡುಗೆಮನೆಯಿಂದ ಆಚೆಗೆ ದಬ್ಬುವಾಗ ಮುಟ್ಟಿದೆ.

ಹೀಗಾಗಿ ಈ ವಯಸ್ಸಿನಲ್ಲಿ ನಾನೊಂದು ಹಳೆಯ ಬೈಕು ಕೊಂಡೆ. ನಮ್ಮ ಬೀದಿಯ ತಿರುವಿನಲ್ಲಿರುವ ಬೇಕರಿಯವರದು. ಅವರು ಹೊಸ ಸ್ಕೂಟರು ತಂದಿದ್ದರು. "ಚೆನ್ನಾಗಿ ಓಡುತ್ತೆ ಯಜಮಾನ್ರೇ. ಏನೂ ಮಾಡ್ಬೇಡಿ, ಪೆಟ್ರೋಲು ಹಾಕಿ, ಸುಮ್ನೆ ಓಡಿಸಿ," ಎಂದು ಬೀಗದ ಕೈ ಕೊಟ್ಟರು. ನನ್ನಂಥವನಿಗೆ ಏನೂ ಮಾಡಬೇಡಿ ಎನ್ನುವುದು, ಬೆಕ್ಕಿನ ಮುಂದೆ ಹಾಲಿಟ್ಟು ಕುಡಿಯಬೇಡ ಎಂದ ಹಾಗೆ.

ಯಾಕೆಂದರೆ ನಾನು ಸಾಮಾನ್ಯನಲ್ಲ. ಶಾಲೆಯ ಮೆಟ್ಟಿಲು ಹೆಚ್ಚು ಸವೆಸಿದವನಲ್ಲ, ನಿಜ. ಆದರೆ ಪಂಪು, ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಎಲ್ಲವನ್ನೂ ಯಾವ ಗುರುವಿನ ಹಂಗಿಲ್ಲದೆ ಬಿಚ್ಚಿದ ಧೀರ. (ಜೋಡಿಸಿದ ವಿಚಾರವನ್ನು ಇವಳ ಹತ್ತಿರ ಕೇಳಬೇಡಿ.)

ಬೈಕು ಮನೆಯ ಮುಂದೆ ನಿಂತಾಗ ಇವಳು ಬೈಯುತ್ತಾಳೆಂದು ಬೆನ್ನು ಗಟ್ಟಿ ಮಾಡಿಕೊಂಡಿದ್ದೆ. ಬೈಯಲಿಲ್ಲ. ಬಾಗಿಲಲ್ಲಿ ನಿಂತು ಹಿಂದಿನ ಸೀಟನ್ನೇ ನೋಡಿದಳು. ಒಳಗೆ ಹೋಗಿ ತಲೆ ಬಾಚಿಕೊಂಡು, ಶಾಲು ಹೊದ್ದು ಹೊರಗೆ ಬಂದಳು.

"ಏರಿ ಮೇಲೆ ಹೋಗೋಣ್ವಾ?"

ಆಗಲೇ ಹತ್ತಿ ಕೂತು ಹೊರಟಿದ್ದರೆ ನಾನು ಮನುಷ್ಯ. ಆದರೆ ಹಾಳು ಕಣ್ಣು ಇಂಜಿನ್ನಿನ ಕಡೆ ತಿರುಗಿತು. ಕಾರ್ಬುರೇಟರು ಇಂಜಿನ್ನಿಗೆ ಸೇರುವ ಸಂದಿಯಲ್ಲಿ ಏನೋ ಕಪ್ಪಗೆ ಕಂಡಿತು. ಬಗ್ಗಿ ನೋಡಿದೆ. ಒಂದು ರಬ್ಬರಿನ ತುಂಡು, ಅದರ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ಕೇಕಿನ ಡಬ್ಬಿಗೆ ಕಟ್ಟುವ ದಾರ.

"ಇದೇನಿದು ಅನಾಚಾರ," ಎಂದೆ.

"ಏನಾಯ್ತು?"

"ಇಂಜಿನ್ನಿಗೆ ದಾರ ಸುತ್ತಿದ್ದಾನೆ ಮಹಾನುಭಾವ. ಪೊಟ್ಟಣ ಕಟ್ಟಿದ ಹಾಗೆ."

"ಓಡ್ತಿದೆ ತಾನೆ?"

"ಓಡ್ತಿದೆ. ಆದ್ರೆ ಓಡೋ ರೀತಿ ಇದಲ್ಲ."

"ನಾನೂ ಇಷ್ಟು ವರ್ಷದಿಂದ ಈ ಮನೇಲಿ ಹಂಗೇ ಓಡ್ತಿದೀನಿ. ಕತ್ತಲಾಗೋದ್ರೊಳಗೆ ಬನ್ರೀ."

"ಒಂದು ಗಳಿಗೆ ಇರೇ. ಸರಿ ಮಾಡಿಬಿಡ್ತೀನಿ."

ಆ ಗಳಿಗೆ ಎಷ್ಟು ಉದ್ದವಾಯಿತೆಂದರೆ, ಅವಳು ಶಾಲು ಮಡಿಸಿಟ್ಟಳು, ಚಳಿಗಾಲ ಮುಗಿಯಿತು, ಶಾಲು ಪೆಟ್ಟಿಗೆ ಸೇರಿತು.

ದಾರ ಕತ್ತರಿಸಿದೆ. ಟ್ಯೂಬು ಸೀಳಿದೆ. ಒಳಗಿನ ರಬ್ಬರು ಬಿಸಿಗೆ ಬೆಂದು ಸಂದಿಗೆ ಅಚ್ಚೊತ್ತಿದಂತೆ ಕೂತಿತ್ತು. ಚಾಕು ಹಾಕಿ ಕೆರೆದಾಗ ಒಣ ಬ್ರೆಡ್ಡಿನ ಹಾಗೆ ಪುಡಿಯಾಗಿ ಉದುರಿತು. ಆ ಜಾಗಕ್ಕೆ ಅಲ್ಯುಮಿನಿಯಂ ಉಂಗುರವೊಂದನ್ನು ನಾನೇ ಅರ ಹಾಕಿ ಉಜ್ಜಿ ಉಜ್ಜಿ ಕೂರಿಸಿದೆ. ದೃಷ್ಟಿ ತಾಗಬೇಕು, ಅಂಥ ಹೊಳಪು. ಕಿಕ್ ಹೊಡೆದೆ. ಇಂಜಿನ್ನು ಕೆಮ್ಮಿತು. ಮತ್ತೆ ಹೊಡೆದೆ. ಸೀನಿತು. ಉಂಗುರವನ್ನು ದಪ್ಪ ಮಾಡಿದೆ, ತೆಳು ಮಾಡಿದೆ, ಅದರ ಜೊತೆ ನಾನೂ ತೆಳುವಾದೆ. ಎಲ್ಲೋ ಕೂದಲೆಳೆಯಷ್ಟು ಸಂದಿಯಿಂದ ಗಾಳಿ ನುಗ್ಗಿ ಇಂಜಿನ್ನಿನ ಉಸಿರು ಕೆಡಿಸುತ್ತಿತ್ತು.

"ಬೇಲಿ ಮೇಲೆ ಹೋಗೋ ಓತಿಕ್ಯಾತನ್ನ ಮೈಮೇಲೆ ಬಿಟ್ಕೊಂಡ್ರಂತೆ," ಎಂದು ಇವಳು ಕಿಟಕಿಯಲ್ಲಿ ನಿಂತು ಯಾರಿಗೋ ಹೇಳುವಂತೆ ಹೇಳುತ್ತಿದ್ದಳು. ಸುತ್ತ ಮುತ್ತ ನಾನೊಬ್ಬನೇ ಇರುತ್ತಿದ್ದೆ. ಆ ಮಾತಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಇನ್ನೊಂದು. ಸಂಜೆಯ ಹೊತ್ತು, ನಾನು ನೋಡುತ್ತಿಲ್ಲವೆಂದುಕೊಂಡು, ಅವಳು ಹಿಂದಿನ ಸೀಟಿನ ಧೂಳು ಒರೆಸುತ್ತಿದ್ದಳು. ಮುಂದಿನ ಸೀಟನ್ನು ಮುಟ್ಟುತ್ತಲೇ ಇರಲಿಲ್ಲ.

ಕೊನೆಗೆ ಮಾನ ಮಡಿಸಿ ಜೇಬಿಗಿಟ್ಟುಕೊಂಡು ಬೇಕರಿಗೆ ಹೋದೆ.

"ಆ ಸಂದೀಲಿ ಹಾಕಿದ್ದು ಯಾವ ರಬ್ಬರು?"

ಬೇಕರಿಯವರ ಮುಖ ಸಪ್ಪಗಾಯಿತು. "ತೆಗೆದುಬಿಟ್ರಾ? ಅದು ನನ್ನ ಮನೆಯವಳ ಚಪ್ಪಲಿ."

"ಚಪ್ಪಲೀನಾ?"

"ಒಂದ್ಸಲ ಗಾಡಿ ದಾರಿ ಮಧ್ಯೆ ಕೆಟ್ಟು ನಿಂತಿತ್ತು. ಅವಳೇ ಚಪ್ಪಲಿ ಬಿಚ್ಚಿ, ಹಿಮ್ಮಡಿ ಕುಯ್ದು ಹಾಕಿ ಅಂದ್ಲು. ಮನೆ ಮುಟ್ಟೋವರೆಗೆ ಸಾಕು ಅಂತ ಹಾಕಿದ್ದು, ಓಡ್ತಾನೇ ಹೋಯ್ತು. ನಮ್ಮ ಯಜಮಾನ್ರ ಗಾಡಿ ಓಡೋದು ನನ್ನ ಚಪ್ಪಲಿ ಮೇಲೆ ಅಂತ ಬಂದ ಗಿರಾಕಿಗೆಲ್ಲ ಹೇಳೋಳು." ಅವರು ಗಾಜಿನ ಪೆಟ್ಟಿಗೆಯನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಈಗ ಹಿಂದೆ ಕೂರೋರಿಲ್ಲ. ಅದಕ್ಕೇ ಕೊಟ್ಟೆ."

ಮನೆಗೆ ಬಂದು ಇವಳಿಗೆ ಹೇಳಿದೆ.

"ಇದ್ದಿದ್ದನ್ನ ಇದ್ದ ಹಾಗೆ ಇಟ್ಕೊಳ್ಳೋಕೂ ಯೋಗ್ಯತೆ ಬೇಕು ಕಣ್ರೀ," ಎಂದಳು. "ನಾಳೆ ನಾನೇ ನೂಕ್ತೀನಿ. ಕೆಮ್ಮಲಿ, ಸೀನಲಿ, ನಾವು ಹೋಗಿಬರೋಣ. ನಮ್ಮಿಬ್ಬರಲ್ಲಿ ಒಬ್ಬರೇ ಉಳಿದ ಮೇಲೆ ಅದು ಸರಿಯಾಗಿ ಏನು ಬಂತು?"

ಮರುದಿನ ಸಂಜೆ ಶಾಲು ಪೆಟ್ಟಿಗೆಯಿಂದ ಹೊರಬಂತು. ನಾನು ಹತ್ತಿ ಕೂತೆ, ಅವಳು ಸೊಂಟಕ್ಕೆ ಶಾಲು ಬಿಗಿದು ನೂಕಿದಳು. ಇಳಿಜಾರಿನಲ್ಲಿ ಬೈಕು ಗಡಗಡನೆ ಜೀವ ಹಿಡಿಯಿತು. ನನಗೆ ಸ್ವರ್ಗ ಮೂರೇ ಗೇಣು. ಆ ಹಿಗ್ಗಿನಲ್ಲಿ ಒಂದು ಸಣ್ಣ ಸಂಗತಿ ಮರೆತಿದ್ದೆವು. ಅವಳು ಹತ್ತಬೇಕಿತ್ತು.

ನಿಲ್ಲಿಸೋಣವೆಂದು ವೇಗ ತಗ್ಗಿಸಿದರೆ ಇಂಜಿನ್ನು ಪ್ರಾಣ ಬಿಡಲು ಹೊರಡುತ್ತಿತ್ತು. ಓಡಿದರೆ ಬದುಕು, ನಿಂತರೆ ಸಾವು. ಬೀದಿಯನ್ನು ಒಂದು ಸುತ್ತು ಹಾಕಿ ಮನೆಯ ಮುಂದೆ ಬಂದೆ.

"ಹತ್ತೇ," ಎಂದು ಕೂಗಿದೆ.

"ನಿಲ್ಸಿ."

"ನಿಲ್ಸಕ್ಕಾಗಲ್ಲ."

ಅಷ್ಟರಲ್ಲಿ ಮುಂದೆ ಹೋಗಿಯಾಗಿತ್ತು. ಮುಂದಿನ ಸುತ್ತಿಗೆ ಬಂದಾಗ, "ನಾನೇನು ಸರ್ಕಸ್ಸಿನವಳಾ?" ಎಂಬ ಉತ್ತರ ಸಿದ್ಧವಾಗಿತ್ತು. ಅದರ ಮುಂದಿನ ಸುತ್ತಿಗೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲಿನ ಸುತ್ತಿಗೆ ಪಕ್ಕದ ಮನೆಯವಳೂ ಬಂದು ಕೂತಿದ್ದಳು, ಇಬ್ಬರೂ ಕಡಲೆಕಾಯಿ ಸುಲಿಯುತ್ತಿದ್ದರು. ಮತ್ತೊಮ್ಮೆ ಆ ಕಡೆ ಮುಖ ತೋರಿಸುವ ಧೈರ್ಯವಾಗದೆ ನಾನು ಏರಿಯ ದಾರಿ ಹಿಡಿದೆ. ಒಬ್ಬನೇ. ಏರಿಯ ನಟ್ಟನಡುವೆ ಪೆಟ್ರೋಲು ತೀರಿತು.

ನೀರಿನ ಮೇಲೆ ಅಂದಿನಂಥದೇ ಬೆಳಕಿತ್ತು. ಅಂದಿನಂಥದೇ ಗಾಳಿ. ಬರಿದಾದ ಹೆಗಲು ಹೊತ್ತು ಕಲ್ಲಿನ ಮೇಲೆ ಕೂತೆ. ಇವಳಿಗೆ ಏನೆಂದು ಹೇಳಲಿ, ಇಷ್ಟು ಕಾಲ ಕಾಯಿಸಿ ಕೊನೆಗೂ ಬಿಟ್ಟು ಬಂದೆನಲ್ಲ!

ಆಗ ಸ್ಕೂಟರಿನ ಸದ್ದು ಕೇಳಿಸಿತು. ನಾನು ಬೇಕರಿಯ ಮುಂದೆ ಸುತ್ತಿದ್ದನ್ನೆಲ್ಲ ಬೇಕರಿಯವರು ಕಂಡಿದ್ದರಂತೆ. ಹುಡುಕಿಕೊಂಡು ಬಂದಿದ್ದರು. ಹಿಂದಿನ ಸೀಟಿನಲ್ಲಿ ಇವಳು, ಶಾಲು ಹಾರಿಸಿಕೊಂಡು, ಅವರ ಹೆಗಲು ಹಿಡಿದುಕೊಂಡು.

"ಅಣ್ಣನ ಗಾಡಿ ಎಷ್ಟು ಚೆನ್ನಾಗಿದೆ ಗೊತ್ತಾ?" ಎಂದಳು ಇಳಿಯುತ್ತ. "ನಿಲ್ಸಿದ್ರೆ ನಿಲ್ಲುತ್ತೆ."

ಬೇಕರಿಯವರು ಹಿಟ್ಟಿನ ಮೂಟೆಗೆ ಬಿಗಿಯುವ ಹಗ್ಗ ತೆಗೆದು ನನ್ನ ಬೈಕನ್ನು ಸ್ಕೂಟರಿಗೆ ಕಟ್ಟಿದರು. ಬೈಕಿನ ಕಡೆಯ ಗಂಟು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಇದೊಂದು ಗಂಟೇ ಎಂದು ಬಿಚ್ಚಿ, ನಾನೇ ಶಾಸ್ತ್ರೋಕ್ತವಾಗಿ ಬಿಗಿದೆ. ಎಳೆಸಿಕೊಳ್ಳುವ ಗಾಡಿಗೆ ಇಬ್ಬರು ಭಾರವೆಂದು ಇವಳು ಮತ್ತೆ ಸ್ಕೂಟರನ್ನೇ ಹತ್ತಿದಳು. ಹೊರಟೆವು. ಹತ್ತು ಮಾರು ಹೋಗುವಷ್ಟರಲ್ಲಿ ಶಾಸ್ತ್ರ ಜಾರಿತು. ಸ್ಕೂಟರು ಹಗ್ಗವನ್ನೂ ಹೆಂಡತಿಯನ್ನೂ ಕರೆದುಕೊಂಡು ಏರಿಯ ಆ ತುದಿಗೆ ಹೊರಟುಹೋಯಿತು.

ತಿರುಗಿ ಬಂದ ಮೇಲೆ ಇವಳೇ ಇಳಿದಳು. ಹಗ್ಗ ಎಳೆದುಕೊಂಡು, ಬಟ್ಟೆಯ ಗಂಟು ಬಿಗಿಯುವ ಹಾಗೆ ಮೊಣಕಾಲು ಕೊಟ್ಟು ಬಿಗಿದಳು.

"ಇನ್ನೊಂದ್ಸಲ ಮುಟ್ಟಿದ್ರೆ ಇಲ್ಲೇ ಬಿಟ್ಟು ಹೋಗ್ತೀನಿ."

ಈ ಸಲ ಅವಳು ಸ್ಕೂಟರಿನಲ್ಲಿ ಪಕ್ಕಕ್ಕೆ ಕಾಲು ಹಾಕಿ, ಹಿಂದಕ್ಕೆ ತಿರುಗಿ ಕೂತಳು. ಹೆಂಡತಿ ಹಿಂದೆ ಕೂತರೆ ಮುಖ ಕಾಣುವುದಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಅಷ್ಟು ವರ್ಷ ಬರೀ ಒಂದು ಕೈಗೆ ಹಂಬಲಿಸಿದ್ದೆ. ಆ ಸಂಜೆ ಏರಿಯ ಉದ್ದಕ್ಕೂ ಹಗ್ಗದ ಆ ತುದಿಯಲ್ಲಿ ಅವಳ ಮುಖವಿತ್ತು, ಗಾಳಿಗೆ ಹಾರುವ ನರೆಗೂದಲಿತ್ತು. ಈ ತುದಿಯಲ್ಲಿ ನಾನು, ಹಸುವಿನ ಹಿಂದೆ ಹೋಗುವ ಕರುವಿನ ಹಾಗೆ. ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ನೋಡಲಿ.

ಅಂದು ನನ್ನನ್ನೇ ನೋಡ್ತಿದ್ದೆಯಲ್ಲ ಎಂದು ಕೇಳಿದರೆ, "ಗಂಟು ಬಿಚ್ಚಿತೇನೋ ಅಂತ ನೋಡ್ತಿದ್ದೆ," ಎನ್ನುತ್ತಾಳೆ ಇವಳು. ಇರಬಹುದು. ಆದರೆ ಗಂಟನ್ನು ನೋಡಿ ಯಾರಾದರೂ ಹಾಗೆ ನಗುತ್ತಾರೆಯೇ?