ಟರ್ಬೊ ಮುಳ್ಳಿನ ಕಾವಲು

ಬರ್ರಿ, ಕಾಲು ಚಾಚ್ಕೊಂಡು ಕೂಡ್ರಿ. ಅವಸರ ಇದ್ದೋರಿಗಿ ಈ ಸುದ್ದಿ ರುಚಿ ಹತ್ತಂಗಿಲ್ಲ. ಮನ್ಯಾಗ ಒಂದು ಹಳಿ ಜೀಪಿದ್ರ ನಗಾಕೇನು ಕಡಿಮಿ, ದಿನಾ ಒಂದಿಲ್ಲೊಂದು ನಡದ ಇರ್ತದ.

ಆಗ ನಮ್ಮ ಕಡಿಗಿ ಕಾಲುವಿ ನೀರು ಬಂದ ಹೊಸದು. ಜ್ವಾಳದ ಹೊಲ ಇದ್ದಲ್ಲಿ ನೆಲ್ಲು ಹಸರಾಗಿತ್ತು. ನೀರಿನ್ಯಾಗ ಮುಗಿಲು ಬಿದ್ದು, ಜೀಪು ನೆಲದ ಮ್ಯಾಲ ಹೊಂಟದೋ ಮೋಡದ ಮ್ಯಾಲ ಹೊಂಟದೋ ತಿಳೀತಿದ್ದಿಲ್ಲ. ನಮ್ಮ ಯಜಮಾನ್ರು ಶಹಾಪುರದಿಂದ ಸುರಪುರಕ್ಕ, ಹುಣಸಗಿಗಿ ಮಂದೀನ ಕರ್ಕೊಂಡು ಹೋಗ್ತಿದ್ರು. ಮುದಿ ಎಂಜಿನ್ನಿಗಿ ದಮ್ಮು ಬರ್ಲಿ ಅಂತ ಟರ್ಬೊ ಕೂಡಿಸಿದ್ರು. ಅದು ಎಂಜಿನ್ನಿಗಿ ಗಾಳಿ ಒತ್ತಿ ತುಂಬ್ತದ. ಅದನ್ನ ಕೂಡಿಸಿದ ಗಾಡಿ ಮಿಸ್ತ್ರಿ ಒಂದ ಮಾತು ಹೇಳಿದ್ದ: "ಗಾಳಿ ಜಾಸ್ತಿ ಆದ್ರ ಎಂಜಿನ್ ಒಡೀತದ. ಖೇಲ್ ಖತಮ್." ನಮ್ಮ ಒಲಿ ಉರಿಯೋದ ಆ ಎಂಜಿನ್ ಮ್ಯಾಲ.

೧. ನಂಗ ಸಿಕ್ಕ ನೌಕರಿ

ಗಾಳಿ ಒತ್ತಡ ತೋರ್ಸಾಕ ಸ್ಟೇರಿಂಗ್ ಬಾಜೂಕ ಗುಂಡನ ಮೀಟರ್ ಇತ್ತು. ಯಜಮಾನ್ರ ಕಣ್ಣು ರಸ್ತಾದ ಮ್ಯಾಲ, ಬಾಜೂಕ ಕುಂತು ಮೀಟರಿನ ಮುಳ್ಳು ನೋಡೋ ಕೆಲಸ ನಂದು. ನಂಗ ಅಂಕಿ ಬರಂಗಿಲ್ಲ. ಅದಕ್ಕ ಮಿಸ್ತ್ರಿ ಬೆರಳಿಟ್ಟ ಕಡೆ, ಗಾಜಿನ ಎಡಕ್ಕ, ಕುಂಕುಮ ಹಚ್ಚಿದೆ. ಮುಳ್ಳು ಅದನ್ನ ದಾಟಿದ್ರ ನಾ ಒದರಬೇಕು, ಅವ್ರು ಕಾಲು ಎತ್ತಬೇಕು.

ಆದ್ರ ಟರ್ಬೊ ಸುಂಯ್ ಅಂತ ಜೋಗುಳ ಹಾಡ್ತದ, ಕಾಲುವಿ ಗಾಳಿ ತಂಪಗ ಬೀಸ್ತದ. ಕಣ್ಣು ಮುಚ್ಚೇ ಬಿಟ್ವು. ಒಮ್ಮಿಗಿಲೆ "ದಾಟ್ತು! ದಾಟ್ತು!" ಅಂತ ಚೀರಿದೆ. ಯಜಮಾನ್ರು ಬ್ರೇಕ್ ಒತ್ತಿದ್ರು, ಹಿಂದಿನ ಮಂದಿ ಮುಂದ ಬಂದು ಬಿತ್ತು. ನೋಡಿದ್ರ ಮುಳ್ಳು ಸೊನ್ನ್ಯಾಗ ಮಲಗ್ಯಾದ.

"ಎಲ್ಲಿ ದಾಟ್ಯಾದ?"

"ನಾ ಕನಸಿನ್ಯಾಗಿನ ಮುಳ್ಳು ನೋಡಾಕತ್ತಿದ್ದೆರಿ."

೨. ಆಡಿನ ಊಟ

ಒಂದಿನ ಕುರಿ ಕಾಯೋ ಮುದುಕಿಯೊಬ್ಬಾಕಿ ಜೀಪು ಹತ್ತಿ, ತನ್ನ ಆಡು ನನ್ನ ಕಾಲ ಹತ್ರ ಕಟ್ಟಿದಳು. ಮೀಟರಿಗಿ ಹೋಗೋ ಸಣ್ಣ ರಬ್ಬರ್ ಪೈಪು ಅಲ್ಲೇ ಜೋತಾಡ್ತಿತ್ತು. ಆಡು ಅದನ್ನ ಹುಣಸಿ ಚಿಗರು ತಿಂದಂಗ ತಿಂತು. ಮುಳ್ಳು ದಪ್ಪನ ಕೆಳಗ ಬಿತ್ತು.

"ಟರ್ಬೊ ಸತ್ತೋಯ್ತು," ಅಂತ ಯಜಮಾನ್ರು ಮಾರಿ ಸಣ್ಣ ಮಾಡಿದ್ರು. ಜೀಪು ನೋಡಿದ್ರ ಮುಂದಿನ ಬಸ್ಸನ್ನೂ ದಾಟಿ ಹೊಂಟಿತ್ತು.

ಮುದುಕಿ ಕೇಳಿದಳು: "ಸತ್ತದ್ದು ಹಿಂಗ ಓಡ್ತದೇನ್ರೀ ಅಣ್ಣಾರ? ಜೀವ ಇದ್ದಾಗ ಹೆಂಗ ಓಡ್ತಿತ್ತು?"

ಸಂಜೀಕ ಜೀಪು ತೋರ್ಸಿದಾಗ ಮಿಸ್ತ್ರಿ ಪೈಪಿನ ತುಂಡು ಹಿಡ್ಕೊಂಡು ನಕ್ಕ: "ಟರ್ಬೊ ಛಲೋ ಅದ ಕಾಕಾ. ಮುಳ್ಳಿಗಿ ಸುದ್ದಿ ಮುಟ್ಟಿಲ್ಲ, ಅಷ್ಟ."

೩. ಖಂಡೆಪೂಜಿ ಮಾಡಿದ ಪವಾಡ

ಹೊಸದಾಗಿ ಬಂದ ಸೊಸಿ ಖಂಡೆಪೂಜಿಗಿ, ಅಂದ್ರ ಆಯುಧ ಪೂಜಿಗಿ, ಜೀಪು ತೊಳದು, ಮೀಟರ್ ವರಿಸಿ, ತಾನೇ ಹೊಸ ಕುಂಕುಮ ಹಚ್ಚಿದಳು. ಎಲ್ಲಿ ಹಚ್ಚಿದಳೋ ನಾ ನೋಡ್ಲಿಲ್ಲ.

ದಿನಾ ಕುಂಕುಮದ ಹತ್ರ ಬರ್ತಿದ್ದ ಮುಳ್ಳು ಮರುದಿನ ಅದರ ತನಕ ಏರಲೇ ಇಲ್ಲ. "ಗಾಳಿ ಸಾಲಂಗಿಲ್ಲ," ಅಂದ್ರು ಯಜಮಾನ್ರು. ಟರ್ಬೊದ ಗಾಳಿ ಹೆಚ್ಚು ಕಡಿಮಿ ಮಾಡೋ ಸರಳಿನ ನಟ್ಟು ಒಂದಿಷ್ಟು ಬಿಗಿ ಮಾಡಿದ್ರು, ಮರುದಿನ ಇನ್ನಷ್ಟು. ಮೂರನೇ ದಿನ ಸುರಪುರದ ಗುಡ್ಡ ಏರುವಾಗ ಮುಳ್ಳು ಕುಂಕುಮ ಮುಟ್ಟಿತು. "ಬಂತು!" ಅಂತ ನಾ ಚಪ್ಪಾಳಿ ಹೊಡದೆ.

ಢಬ್! ಕರಿ ಹೊಗಿ ಮುಗಿಲು ಮುಟ್ಟಿತು. ಮಂದಿ ಜಿಗದು ಓಡಿತು. ಯಜಮಾನ್ರು ಮಾತ್ರ ಸ್ಟೇರಿಂಗಿಗಿ ಹಣಿ ಹಚ್ಚಿ ಕುಂತ್ರು. "ಹೋಯ್ತು ಬಿಡು, ಇನ್ನ ನಮ್ಮ ಬಾಳೇ ಹೋಯ್ತು."

ಮಿಸ್ತ್ರಿ ಬಂದು ಬಾನೆಟ್ ಎತ್ತಿದ. "ಗಾಳಿ ಜಾಸ್ತಿ ಆಗಿ ಪೈಪು ಕಿತ್ಕೊಂಡು ಹೋಗ್ಯಾದ, ಅದಕ್ಕ ಎಂಜಿನ್ ಉಳದು ಸಲಾಮತ್ ಅದ. ಈ ಜೀಪಿನ್ಯಾಗ ಅಕ್ಕಲ್ ಇರೋದು ಆ ಪೈಪಿಗಿ ಒಂದಕ್ಕ!" ಆಮ್ಯಾಲ ಮೀಟರ್ ನೋಡಿದ. "ಅಮ್ಮಾ, ಈ ಕುಂಕುಮ ನೆತ್ತಿಗಿ ಏರಿಸಿದವರು ಯಾರು?"

ಮನಿಗಿ ಬಂದು ಸೊಸಿನ್ನ ಕೇಳಿದೆ. "ಯಾರರೆ ಗಲ್ಲಕ್ಕ ಕುಂಕುಮ ಹಚ್ತಾರೇನ್ರೀ ಅತ್ತಿ? ಹಣಿಗಿ ಹಚ್ಚೇನಿ," ಅಂದಳು. ಮತ್ತ ತಾನೇ ಕೇಳಿದಳು: "ಅಲ್ರೀ, ಅದರ ಮ್ಯಾಲ ಅಂಕಿ ಬರದಾವಲ್ಲ. ನಂಗ ಓದಾಕ ಬರ್ತದ, ನನ್ನ ಕೇಳಬಾರದಿತ್ತೇನು?"

ಅವತ್ತೇ ನನ್ನ ನೌಕರಿ ಹೋಯ್ತು, ಸೊಸಿಗಿ ಸಿಕ್ತು.

ಈಗ ಆ ಮುದುಕಿ ಇಲ್ಲ, ಆಡಿನ ಮರಿಮಕ್ಕಳು ಕಾಲುವಿ ದಂಡಿ ಮ್ಯಾಲ ಮೇಯ್ತಾವ. ಮಿಸ್ತ್ರಿಗಿ ಕಣ್ಣು ಮಂಜು, ಆದ್ರೂ ಎಂಜಿನ್ ಸದ್ದು ಕೇಳೇ ರೋಗ ಹೇಳ್ತಾನ. ಜೀಪಿನ ಮೈ ತುಕ್ಕು ಹಿಡೀತು. ಎಂಜಿನ್ ಮಾತ್ರ ಹುಣಸಗಿ ಕಡೆ ಒಬ್ಬವನ ಹೊಲದಾಗ ಕಾಲುವಿ ನೀರು ಎತ್ತಾಕತ್ತದ. ಯಜಮಾನ್ರು ಅಲ್ಲಿಗಿ ಹೋಗಿ, ಕಣ್ಣು ಮುಚ್ಕೊಂಡು ಅದರ ಸಪ್ಪಳ ಕೇಳ್ಕೋತ ಕೂಡ್ತಾರ. ಮೊನ್ನಿ ಹೊಲದವ ಕೇಳ್ಯಾನ: "ಟರ್ಬೊ ಗಾಳಿ ಎಷ್ಟಿಡ್ಲಿ ಕಾಕಾ?"

ಕಣ್ಣು ತೆರೀದೇ ಅಂದಾರ: "ನಮ್ಮ ಸೊಸಿನ್ನ ಕೇಳು. ನಮ್ಮ ಮನ್ಯಾಕಿನ್ನ ಮಾತ್ರ ಕೇಳಬ್ಯಾಡ."