ಏಳನೇ ಕಾಲಂನ ಅಡ್ಡಗೆರೆ ಹಾಗೂ ಬಿಚ್ಚಿಹೋದ ಕಡತದ ಕುರಿತು

ಇಲಾಖಾ ಕಚೇರಿ, ಎರಡನೇ ಮಹಡಿ
ಸಂಖ್ಯೆ: ದಫ್ತರು/ರಜೆ/ಇದೆ-ಇಲ್ಲ/೦೭

ಸುತ್ತೋಲೆ

ವಿಷಯ: ಬೌದ್ಧ ಧರ್ಮವು ಧರ್ಮವೇ, ಅದರ ಪ್ರಕಾರ ಯಾರಾದರೂ ಇದ್ದಾರೆಯೇ, ಇದ್ದಲ್ಲಿ ಅವರಿಗೆ ಮೂರು ದಿನ ರಜೆ ಕೊಡಬಹುದೇ ಎಂಬ ಬಗ್ಗೆ.

ಉಲ್ಲೇಖ: (೧) ದಫ್ತರು ಗುಮಾಸ್ತೆಯ ರಜೆ ಅರ್ಜಿ (ಸದ್ಯ ಬಿಡಿ ಹಾಳೆಗಳ ರೂಪದಲ್ಲಿದೆ). (೨) ಅದರ ಮೇಲಿನ ಆಕ್ಷೇಪಣೆ (ಅದೂ ಹಾಗೆಯೇ). (೩) ಫ್ಯಾನಿನ ಗಾಳಿ.

ಪ್ರಸ್ತಾವನೆ:

ಈ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕಡತಗಳಿಗೆ ದಾರ ಕಟ್ಟುತ್ತಿರುವ ಗುಮಾಸ್ತೆಯನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಾರೆ. ಅವರು ಹಾಕಿದ ಗಂಟನ್ನು ಬೇರೆ ಯಾರೂ ಬಿಚ್ಚಿದ ದಾಖಲೆ ಇರುವುದಿಲ್ಲ. ಸದರಿಯವರ ಮಗಳಿಗೆ ಚೊಚ್ಚಲ ಹೆರಿಗೆಯಾಗಿದ್ದು, ಮೊಮ್ಮಗಳ ಮುಖ ನೋಡಲು ರಜೆ ಕೋರಿದ್ದರು. ನಮೂನೆಯ ಏಳನೇ ಕಾಲಂನಲ್ಲಿ (ಧರ್ಮ) "ಬೌದ್ಧ" ಎಂದು ಬರೆದು, ಏಳು (ಅ)ದಲ್ಲಿ (ಲೋಕವನ್ನು ಸೃಷ್ಟಿಸಿದ ದೇವರ ಹೆಸರು) ಅಡ್ಡಗೆರೆ ಎಳೆದು, ಎಂಟರಲ್ಲಿ (ಕಳೆದ ಸಲ ರಜೆ ಪಡೆದವರೂ ತಾವೇ ಎಂದು ದೃಢೀಕರಿಸಿ) "ಪೂರ್ತಿ ಅವಳೇ ಅಲ್ಲ, ಬೇರೆಯವಳೂ ಅಲ್ಲ" ಎಂದು ನಮೂದಿಸಿದ್ದರಿಂದ ರಜೆ ಶಾಖೆಯ ವಿಷಯ ನಿರ್ವಾಹಕರು ಆಕ್ಷೇಪಣೆ ಎತ್ತಿದರು. ಬಸ್ಸು ಸಂಜೆ ನಾಲ್ಕೂವರೆಗೆ ಇತ್ತು. ಈ ಸಂಗತಿಯನ್ನು ದಾರದಕ್ಕ ಒಂಬತ್ತು ಬಾರಿ ಕಚೇರಿಯ ಗಮನಕ್ಕೆ ತಂದಿರುತ್ತಾರೆ.

ಬೆಳಿಗ್ಗೆ ಹನ್ನೊಂದಕ್ಕೆ ಅಧೀಕ್ಷಕರ ಮುಂದೆ ವಿಚಾರಣೆ ನಡೆದು, ದಾರದಕ್ಕನ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಯಿತು: "ಲೋಕಾನ ಯಾರೋ ಕೂತು ಮಾಡಿದ್ರು ಅಂತ ನಾವು ಹೇಳಲ್ಲ ಸಾರ್. ದುಃಖ ಯಾಕೆ ಬರುತ್ತೆ, ಹೇಗೆ ಹೋಗುತ್ತೆ, ಅದನ್ನ ನೋಡ್ಕೊಳ್ಳಿ ಅಂತಾರೆ. ನಮ್ಮಮ್ಮಂದೂ ಇದೇ ಧರ್ಮ, ನಂದೂ ಇದೇ. ಬಸ್ಸು ನಾಲ್ಕೂವರೆಗೆ ಸಾರ್."

"ನಿಮ್ಮ ಧರ್ಮದ ಪ್ರಕಾರ ಒಳಗೆ ಬದಲಾಗದ 'ನಾನು' ಅನ್ನೋದೇ ಇಲ್ಲ ಅಂದ್ಮೇಲೆ ರಜೆ ಯಾರಿಗ್ರೀ ಕೊಡೋದು?" ಎಂದು ವಿಷಯ ನಿರ್ವಾಹಕರು ಪ್ರಶ್ನಿಸಲಾಗಿ, ದಾರದಕ್ಕ ಕೈಗೆ ಸಿಕ್ಕ ಕಡತವೊಂದನ್ನು ಬಿಚ್ಚಿ, "ಈ ರಟ್ಟು ಕಡತಾನಾ? ಅಲ್ಲ. ದಾರ? ಅಲ್ಲ. ಈ ಹಾಳೆ? ಅದೂ ಅಲ್ಲ. ಎಲ್ಲ ಸೇರಿದಾಗ ಕಡತ ಅಂತೀವಿ. ನಾನೂ ಹಂಗೇ," ಎಂದು ತೋರಿಸಿದರು. ಅಧೀಕ್ಷಕರಿಗೆ ಪರಮಾನಂದವಾಯಿತು. ಅಷ್ಟರಲ್ಲಿ ಕರೆಂಟು ಬಂದು, ಫ್ಯಾನು ತಿರುಗಿ, ಹಾಳೆಗಳು ಕಿಟಕಿಯ ಪಾಲಾದವು. ಬಿಚ್ಚಿದ್ದು ತಮ್ಮದೇ ರಜೆಯ ಕಡತವೆಂಬುದು ದಾರದಕ್ಕನಿಗೆ ಆಗ ತಿಳಿಯಿತು. ಅವರ ಕಣ್ಣಲ್ಲಿ ನೀರು ತುಂಬಿತು. ಇದನ್ನು ನಮೂದಿಸಲು ಯಾವ ನಮೂನೆಯಲ್ಲೂ ಕಾಲಂ ಇರುವುದಿಲ್ಲ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಬೌದ್ಧ ಧರ್ಮವು ಧರ್ಮವೇ ಆಗಿರುತ್ತದೆ. ಏಳು (ಅ)ದ ಅಡ್ಡಗೆರೆಯನ್ನು ಇನ್ನು ಮುಂದೆ ಪೂರ್ಣ ಉತ್ತರವೆಂದು ಪರಿಗಣಿಸತಕ್ಕದ್ದು. ಅದು ತತ್ತ್ವವೋ, ಬಾಳುವ ದಾರಿಯೋ ಎಂಬ ಚರ್ಚೆಯನ್ನು ಊಟದ ವಿರಾಮದಲ್ಲಿ, ಕೈ ತೊಳೆದ ನಂತರ ನಡೆಸಬಹುದು.

೨. ಎಲ್ಲವೂ ಶಾಶ್ವತವಾಗಿ ಇದೆ ಎಂಬುದು ಒಂದು ತುದಿ, ಏನೂ ಇಲ್ಲ ಎಂಬುದು ಇನ್ನೊಂದು ತುದಿ. ಕಾರಣಗಳು ಕೂಡಿದಾಗ ಆಗುತ್ತದೆ, ಅಗಲಿದಾಗ ಹೋಗುತ್ತದೆ ಎಂದು ದಾರದಕ್ಕ ತಿಳಿಸಿರುತ್ತಾರೆ. "ಸಾಹೇಬರು ಇದ್ದಾರಾ?" ಎಂದು ಕೇಳುವ ಸಾರ್ವಜನಿಕರಿಗೆ ಇದನ್ನೇ ಉತ್ತರವಾಗಿ ಕೊಡುವುದನ್ನು ನಿಷೇಧಿಸಿದೆ. ಈಗಾಗಲೇ ನಾಲ್ವರು ಕೊಟ್ಟಿದ್ದಾರೆ.

೩. "ನಿನ್ನೆ ತಡವಾಗಿ ಬಂದವನು ಇಂದಿನ ನಾನಲ್ಲ" ಎಂಬ ಸಮಜಾಯಿಷಿಯನ್ನು ಒಪ್ಪಲಾಗುವುದಿಲ್ಲ. ಇಂಥವರು ಬಡ್ತಿಯ ಅರ್ಜಿ ಹಾಕುವಾಗ ಮಾತ್ರ ಇಪ್ಪತ್ತು ವರ್ಷ ಹಿಂದಿನವರೇ ಆಗಿರುವುದು ಕಂಡುಬಂದಿದೆ.

೪. ಕುರ್ಚಿಯಲ್ಲಿ ಕುರ್ಚಿ ಎಲ್ಲಿದೆ ಎಂದು ಹುಡುಕಲು ಆವಕ ಶಾಖೆಯವರು ಮೂರು ಕುರ್ಚಿಗಳನ್ನು ಬಿಚ್ಚಿರುತ್ತಾರೆ. ಸಿಕ್ಕಿರುವುದಿಲ್ಲ. ಮೂವರು ನಿಂತಿದ್ದಾರೆ. ನಿಂತೇ ಇರತಕ್ಕದ್ದು.

೫. ಚಹಾ ಆರುವುದು ಅನಿತ್ಯತೆಯ ಲಕ್ಷಣವೆಂಬ ಕ್ಯಾಂಟೀನಿನವರ ಮನವಿಯನ್ನು ತಿರಸ್ಕರಿಸಿದೆ.

೬. ಕಡತವೇ ಇಲ್ಲದಿರುವುದರಿಂದ ರಜೆ ಮಂಜೂರು ಮಾಡಲಾಗದೆಂದು ವಿಷಯ ನಿರ್ವಾಹಕರು ಮೂರೂ ಮುಕ್ಕಾಲಿಗೆ ವರದಿ ನೀಡಿದರು. ಪರಿಶೀಲಿಸಲಾಗಿ, ಅವರ ಆಕ್ಷೇಪಣೆಯೂ ಅದೇ ಕಡತದಲ್ಲಿತ್ತು; ಕಡತ ಹೋದ ಮೇಲೆ ಆಕ್ಷೇಪಣೆಯೂ ಹೋಯಿತು. ಅರ್ಜಿಯಾದರೋ ಒಂಬತ್ತು ಬಾರಿ ಬಾಯಿಮಾತಿನಲ್ಲಿ ಸಲ್ಲಿಕೆಯಾಗಿ ಇಡೀ ಕಚೇರಿಗೆ ಬಾಯಿಪಾಠವಾಗಿದೆ. ಆದಕಾರಣ ರಜೆಯನ್ನು ಮಂಜೂರು ಮಾಡಿದೆ. ದಾರದಕ್ಕನನ್ನು ಬಸ್ ನಿಲ್ದಾಣಕ್ಕೆ ತಲುಪಿಸುವ ಹೊಣೆಯನ್ನು, ಸ್ಕೂಟರ್ ಇರುವ ಕಾರಣಕ್ಕೆ, ವಿಷಯ ನಿರ್ವಾಹಕರಿಗೇ ವಹಿಸಿದೆ.

೭. ಮುಂದಿನ ಮೂರು ದಿನ ಯಾವ ಗಂಟೂ ಬಿಚ್ಚುವುದಿಲ್ಲ. ಸಾರ್ವಜನಿಕರು ಸಹಕರಿಸತಕ್ಕದ್ದು.

ಸಹಿ/-
ಅಧೀಕ್ಷಕರು
(ಸಹಿ ಮಾಡುವ ಹೊತ್ತಿಗೆ ಇದ್ದವರು)

ಪ್ರತಿಗಳು:

೧. ವಿಷಯ ನಿರ್ವಾಹಕರಿಗೆ: ಬಸ್ಸು ಸಿಕ್ಕಿತೆಂದು ಓಡಿಬಂದು ವರದಿ ಮಾಡಿದ್ದಕ್ಕೆ ಮೆಚ್ಚುಗೆಯೊಂದಿಗೆ.
೨. ಆವಕ ಶಾಖೆಗೆ: ನಿಂತೇ ಓದಿಕೊಳ್ಳಲು.
೩. ಕಚೇರಿ ಪ್ರತಿ: ಕಟ್ಟುವವರು ರಜೆಯಲ್ಲಿರುವುದರಿಂದ ಕಲ್ಲಿನ ಕೆಳಗೆ ಇಡಲಾಗಿದೆ.
೪. ಮೊಮ್ಮಗಳಿಗೆ: ಕಳೆದ ವಾರ ತಾವು ಇರಲಿಲ್ಲ, ಈ ವಾರ ಇದ್ದೀರಿ. ಈ ಬಗ್ಗೆ ಕಚೇರಿಯ ಆಕ್ಷೇಪಣೆ ಏನೂ ಇರುವುದಿಲ್ಲ.